ರಜೆ ಹಾಕಿದ ಸಿಸ್ಟರ್ ತಪ್ಪಿತಸ್ಥಳೇ?

ಕಳೆದ ವರ್ಷ ನಾಸಿಕ್‌ನಲ್ಲಿ ನಮ್ಮವರ ಸಂಘವೊಂದರ ವಾರ್ಷಿಕೋತ್ಸವ ಸಮಾರಂಭ ವಿಜೃಂಭಣೆಯಿಂದ ಜರಗಿತು. ಭಜನೆ, ಮಕ್ಕಳ ನೃತ್ಯ, ಮಹಿಳಾ ವಿಭಾಗದವರ ಕಿರುನಾಟಕ ಎಲ್ಲ ಮುಗಿದ ಬಳಿಕ ಸಾಧಕರ ಸತ್ಕಾರ. ಸತ್ಕಾರ ಸ್ವೀಕರಿಸಿದವರಲ್ಲಿ ಒಬ್ಬರು ಛತ್ರಪತಿ ಸಂಭಾಜಿನಗರದಿಂದ (ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ಔರಂಗಾಬಾದ್) ಬಂದಿದ್ದ ಹಿರಿಯ ನರ್ಸ್. ಬೀದರ್ ಕಡೆಯವರು. ಶಾಲು, ಫಲಪುಷ್ಪ, ಸ್ಮರಣಿಕೆಯೊಂದಿಗೆ ಸನ್ಮಾನ ಪತ್ರವನ್ನೂ ನೀಡಲಾಯಿತು. ಪತ್ರದಲ್ಲಿ ಒಂದು ವಾಕ್ಯವಿತ್ತು: "28 ವರ್ಷಗಳ ಸೇವಾವಧಿಯಲ್ಲಿ ಕಾಯಿಲೆಯ ನೆಪದಲ್ಲಿ ಒಂದು ದಿನವೂ ರಜೆ ಹಾಕದ ಕರ್ತವ್ಯನಿಷ್ಠೆ." ನಿರೂಪಕರು ಅದನ್ನು ಎರಡು ಬಾರಿ ಓದಿದರು. ಸಭಾಗೃಹದಲ್ಲಿ ಕರತಾಡನವೋ ಕರತಾಡನ.

ಆ ವಾಕ್ಯವನ್ನು ಬರೆದವನು ನಾನೇ. ಬ್ಯಾಂಕಿನಲ್ಲಿ ಗುಮಾಸ್ತನಾದರೂ ಕನ್ನಡ ಬರವಣಿಗೆ ಚೆನ್ನಾಗಿದೆಯೆಂದು ಸಂಘದವರು ಸನ್ಮಾನ ಪತ್ರಗಳ ಕೆಲಸವನ್ನು ನನಗೆ ವಹಿಸುತ್ತಾರೆ. "ನೆಪ" ಎಂಬ ಪದ ಹಾಕುವಾಗ ಅದರ ಅರ್ಥವೇನೆಂದು ನಾನು ಯೋಚಿಸಿರಲಿಲ್ಲ.

ಊಟದ ಸಾಲಿನಲ್ಲಿ ಆ ಸಿಸ್ಟರ್ ನನ್ನ ಬಳಿ ಬಂದರು. ಬಹಳ ಮೆತ್ತಗೆ ಹೇಳಿದರು: "ಅಣ್ಣಾರ, ಆ ಮಾತು ಬರೀಬಾರದಿತ್ರಿ. ಒಂದು ಸಲ ಮೂರು ದಿನ ಜ್ವರ, ಕೆಮ್ಮು ಇಟ್ಕೊಂಡು ಹಸಗೂಸುಗಳ ವಾರ್ಡಿನಾಗ ಡ್ಯೂಟಿ ಮಾಡೀನಿ. ಯಾವ ಕೂಸಿಗೆ ಏನು ಹಚ್ಚಿ ಬಂದೀನೋ ದೇವರಿಗೇ ಗೊತ್ತು. ಅದಕ್ಕ ಯಾರಾದರೂ ಚಪ್ಪಾಳೆ ಹೊಡೀತಾರೇನ್ರಿ?" ನನಗೆ ಊಟ ರುಚಿಸಲಿಲ್ಲ. ಈ ವಾರ ಈ ಅಂಕಣದಲ್ಲಿ ಈ ವಿಷಯ ಎತ್ತಿಕೊಳ್ಳಲು ಅದೇ ಕಾರಣ.

ನಾಸಿಕ್ ಹಾಗೂ ಸಂಭಾಜಿನಗರಗಳಲ್ಲಿ ನಮ್ಮ ನರ್ಸ್‌ಗಳ ಸಂಖ್ಯೆ ಕಡಿಮೆಯಿಲ್ಲ. ಓಝರ್‌ನ ಎಚ್.ಎ.ಎಲ್., ಸಾತಪುರದ ಕಾರ್ಖಾನೆಗಳು, ಬ್ಯಾಂಕು, ಹೋಟೆಲುಗಳನ್ನು ನಂಬಿ ಬಂದವರ ಮನೆಯ ಸೊಸೆಯಂದಿರು, ಮಂಗಳೂರು-ಉಡುಪಿ ಕಡೆ ನರ್ಸಿಂಗ್ ಕಲಿತು ಬಂದವರು ನಾಸಿಕ್‌ನಲ್ಲಿದ್ದಾರೆ. ಸಂಭಾಜಿನಗರಕ್ಕಾದರೋ ಬೀದರ್, ಕಲಬುರಗಿಯವರ ಸಂಬಂಧ ಹಳೆಯದು. 1956ರ ತನಕ ನಾವೆಲ್ಲ ಒಂದೇ ಹೈದರಾಬಾದ್ ರಾಜ್ಯದವರು. ಜನ "ಘಾಟಿ" ಎಂದು ಕರೆಯುವ ಅಲ್ಲಿನ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ 1956ರಲ್ಲಿ. ಹೀಗಾಗಿ ಇದು ಯಾರದೋ ಮನೆಯ ವಿಷಯವಲ್ಲ.

ನನ್ನ ಅಕ್ಕನ ಮಗಳು ಸಂಭಾಜಿನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮಳೆಗಾಲದಲ್ಲಿ ಒಂದು ದಿನ ಬೆಳಗ್ಗೆ ಐದು ಗಂಟೆಗೆ ಅವಳ ಫೋನು. "ಮಾವ, ನಿನ್ನೆ ರಾತ್ರಿಯಿಂದ 102 ಜ್ವರ ಉಂಟು. ರಜೆ ಹೇಳ್ಲಾ, ಬೇಡ್ವಾ?" ಜ್ವರ ಬಂದ ಮೇಲೆ ಕೇಳುವುದೇನು ಅಂದೆ. "ಹಾಗಲ್ಲ ಮಾವ. ನಾನು ಹೋಗದಿದ್ರೆ ನೈಟ್ ಮಾಡಿದವಳನ್ನೇ ಮಧ್ಯಾಹ್ನದ ತನಕ ನಿಲ್ಲಿಸ್ತಾರೆ. ಅವಳಿಗೆ ಎರಡು ವರ್ಷದ ಮಗು." ಇದು ಅವಳ ಒಂದನೇ ಸಂಕಟ. ಎರಡನೆಯದು ಇನ್‌ಚಾರ್ಜ್ ಸಿಸ್ಟರ್‌ಗೆ ಫೋನು ಮಾಡುವುದು. ಧ್ವನಿ ತೀರಾ ಸರಿಯಾಗಿದ್ದರೆ "ಏನೂ ಆಗಿಲ್ಲವಲ್ಲ" ಎನ್ನುತ್ತಾರೆ. ಕೆಮ್ಮಿದರೆ ನಾಟಕ ಎನ್ನುತ್ತಾರೆ. ಮೂರನೆಯದು ವಾಟ್ಸಾಪ್ ಗ್ರೂಪು. ಯಾರು ಬರಲಿಲ್ಲ, ಯಾರ ಡ್ಯೂಟಿ ಡಬಲ್ ಆಯಿತು ಎಂಬುದು ಎಂಟು ಗಂಟೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಇವೆಲ್ಲದರ ಮೇಲೆ, ಆ ಆಸ್ಪತ್ರೆಯಲ್ಲಿ ಮುಂಚಿತವಾಗಿ ಹೇಳದ ಒಂದು ದಿನದ ರಜೆಗೆ ಎರಡು ದಿನದ ಸಂಬಳ ಕಡಿತ. ಜ್ವರ ಮುಂಚಿತವಾಗಿ ಹೇಳಿ ಬರುತ್ತದೆಯೇ?

ಅವಳು ಹೋದಳು. ಗುಳಿಗೆ ನುಂಗಿ, ಮಾಸ್ಕ್ ಕಟ್ಟಿಕೊಂಡು ಹೋದಳು. ಸಂಜೆ ಫೋನು ಮಾಡಿ, ಒಂದು ಇಂಜೆಕ್ಷನ್ನಿನ ಪ್ರಮಾಣವನ್ನು ಮೂರು ಸಲ ನೋಡಿದರೂ ತಲೆಗೆ ಹೋಗದೆ, ಪಕ್ಕದವಳಿಗೆ ತೋರಿಸಿ ಖಚಿತಪಡಿಸಿಕೊಂಡೆ ಎಂದಳು. ಪಕ್ಕದವಳು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ.

ಇಲ್ಲಿ ಬ್ಯಾಂಕಿನವರ ಕಡೆಯಿಂದ ಒಂದು ಮಾತು ಹೇಳಬೇಕು. ನಮ್ಮಲ್ಲಿ ವರ್ಷಗಟ್ಟಲೆ ರಜೆ ಹಾಕದವನನ್ನು ಕಂಡರೆ ಮ್ಯಾನೇಜರನಿಗೆ ಸಂತೋಷವಾಗುವುದಿಲ್ಲ, ಅನುಮಾನ ಬರುತ್ತದೆ. ಎಷ್ಟೋ ಅವ್ಯವಹಾರಗಳು ಹೊರಬಿದ್ದಿರುವುದು ಆ ಮೇಜಿನವನು ನಾಲ್ಕು ದಿನ ಊರಿಗೆ ಹೋದಾಗ. ಆದ್ದರಿಂದಲೇ ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರ ಜುಲೈಯಲ್ಲಿ ಆದೇಶಿಸಿದೆ. ಹಣ ಎಣಿಸುವವನು ರಜೆ ಹಾಕಲೇಬೇಕು. ಜೀವ ಕಾಯುವವಳು ರಜೆ ಹಾಕಿದರೆ ಅಪರಾಧಿ. ಈ ಲೆಕ್ಕ ಯಾವ ಲೆಡ್ಜರಿನಲ್ಲೂ ತಾಳೆಯಾಗುವುದಿಲ್ಲ.

ನಾನು ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ವೈದ್ಯಕೀಯ ನನಗೆ ತಿಳಿಯದು. ಆದರೆ ಸಂಖ್ಯೆ ನೋಡಿದರೆ ಸುಮ್ಮನಿರಲಾಗುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು. ಅದರ ಮೇಲೆ ನೂರಕ್ಕೆ 30ರಷ್ಟು ಹೆಚ್ಚುವರಿ ನರ್ಸ್‌ಗಳು. ಇದಕ್ಕೆ "ಲೀವ್ ರಿಸರ್ವ್" ಎಂದು ಹೆಸರು. ಅಂದರೆ ಬೋಧನಾ ಆಸ್ಪತ್ರೆಯ 30 ಹಾಸಿಗೆಯ ವಾರ್ಡಿಗೆ 10 ನರ್ಸ್‌ಗಳು, ಜತೆಗೆ ಯಾರಾದರೂ ಕಾಯಿಲೆ ಬಿದ್ದಾಗ, ಹೆರಿಗೆಗೆ ಹೋದಾಗ, ಊರಿನ ಕೋಲಕ್ಕೋ ಜಾತ್ರೆಗೋ ಹೋದಾಗ ನಿಲ್ಲಲು ಇನ್ನೂ 3 ಮಂದಿ. ನರ್ಸ್ ಕೂಡ ಮನುಷ್ಯಳು, ಅವಳಿಗೂ ಜ್ವರ ಬರುತ್ತದೆ ಎಂಬುದನ್ನು ಮಾನದಂಡ ಬರೆದವರು ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ.

ಹಾಗಾದರೆ ಆ ಮೂವರು ಎಲ್ಲಿ? ಅವರನ್ನು ನೇಮಿಸಿಕೊಂಡೇ ಇಲ್ಲ. ಸರಕಾರಿ ಆಸ್ಪತ್ರೆಯಾದರೆ ಹುದ್ದೆ ಖಾಲಿ, ಖಾಸಗಿಯಾದರೆ ಸಂಬಳದ ಉಳಿತಾಯ. ಮಹಾರಾಷ್ಟ್ರದ ಸರಕಾರಿ ನರ್ಸ್‌ಗಳು 2022ರ ಮೇ ತಿಂಗಳಲ್ಲಿ ಮುಷ್ಕರ ಹೂಡಿದ್ದು ಹೊರಗುತ್ತಿಗೆ ನೇಮಕಾತಿಯ ವಿರುದ್ಧ. 2025ರ ಜುಲೈಯಲ್ಲಿ ಮತ್ತೆ ಮುಷ್ಕರವಾದಾಗಲೂ ಗುತ್ತಿಗೆ ನೇಮಕಾತಿಯ ವಿರೋಧ ಮುಖ್ಯ ಬೇಡಿಕೆಗಳಲ್ಲಿತ್ತು. ಹನ್ನೊಂದು ತಿಂಗಳ ಕರಾರಿನ ಮೇಲಿರುವ ಹುಡುಗಿಗೆ ಕರಾರು ಮುಂದುವರಿಯುವುದೋ ಇಲ್ಲವೋ ಎಂಬ ಅಂಜಿಕೆ ಇರುವಾಗ ಜ್ವರ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಆಡಳಿತ ಮಾಡಬೇಕಾದ ನೇಮಕಾತಿ ಮಾಡದಿದ್ದಾಗ ಬೀಳುವ ಗುಂಡಿಯನ್ನು ಮುಚ್ಚುವ ಹೊಣೆ, ರಜೆ ಕೇಳಿದ ಹೆಣ್ಣುಮಗಳ ಮನಸ್ಸಿನ ಮೇಲೆ ಬೀಳುತ್ತದೆ. ಆಕೆ ಸಹೋದ್ಯೋಗಿಗೆ ತೊಂದರೆ ಕೊಟ್ಟೆನೆಂದು ಕೊರಗುತ್ತಾಳೆ. ನಿಜವಾಗಿ ತೊಂದರೆ ಕೊಟ್ಟವರು ಹವಾನಿಯಂತ್ರಿತ ಕೊಠಡಿಯಲ್ಲಿ ಕೊರಗದೆ ಕುಳಿತಿರುತ್ತಾರೆ.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವೈದ್ಯರು ಮತ್ತು ಉನ್ನತ ತರಬೇತಿಯ ನರ್ಸಿಂಗ್ ವೃತ್ತಿಯವರು ಸೇರಿ 536 ಮಂದಿ ಉತ್ತರಿಸಿದ್ದರು. ಕಾಯಿಲೆಯಿಂದ ಕೆಲಸಕ್ಕೆ ಬಂದರೆ ರೋಗಿಗಳಿಗೆ ಅಪಾಯ ಎಂದು ಅವರಲ್ಲಿ ನೂರಕ್ಕೆ 95 ಮಂದಿ ಒಪ್ಪಿದರು. ಆದರೂ ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಕಾಯಿಲೆಯಲ್ಲೇ ಕೆಲಸ ಮಾಡಿದ್ದೇವೆ ಎಂದವರು ನೂರಕ್ಕೆ 83. ಕಾರಣ ಕೇಳಿದರೆ ಬಹುತೇಕ ಎಲ್ಲರದೂ ಒಂದೇ ಉತ್ತರ: ಸಹೋದ್ಯೋಗಿಗಳನ್ನು ಕೈಬಿಡಲು ಮನಸ್ಸಾಗಲಿಲ್ಲ. ನನ್ನ ಸೊಸೆ ಬೆಳಗ್ಗೆ ಐದು ಗಂಟೆಗೆ ಹೇಳಿದ ಮಾತೂ ಅದೇ ಅಲ್ಲವೇ?

ಅಪಾಯ ಕಾಲ್ಪನಿಕವಲ್ಲ. ಫ್ಲೂ ಬಂದ ದೊಡ್ಡವರು ಲಕ್ಷಣ ಕಾಣಿಸುವ ಒಂದು ದಿನ ಮೊದಲಿನಿಂದ ಹಿಡಿದು ಸುಮಾರು ಐದರಿಂದ ಏಳು ದಿನ ಇತರರಿಗೆ ಸೋಂಕು ಹರಡಬಲ್ಲರು. ನಮಗೆ ನಿಮಗೆ ಅದು ನಾಲ್ಕು ದಿನದ ಮೈಕೈ ನೋವು. ಹಸುಗೂಸಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಎಂಬತ್ತು ದಾಟಿದ ಅಜ್ಜಿಗೆ ಹಾಗಲ್ಲ. 2020ರ ಏಪ್ರಿಲ್ ಮೊದಲ ವಾರ ಮುಂಬಯಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ 26 ನರ್ಸ್‌ಗಳಿಗೂ 3 ವೈದ್ಯರಿಗೂ ಕೊರೊನಾ ತಗಲಿ, ಮಹಾನಗರಪಾಲಿಕೆ ಇಡೀ ಆಸ್ಪತ್ರೆಯನ್ನೇ ಮುಚ್ಚಬೇಕಾದದ್ದು ಓದುಗರಿಗೆ ನೆನಪಿರಬಹುದು.

ದೇಹದ ಕಾಯಿಲೆಗೇ ಈ ಪಾಡಾದರೆ ಮನಸ್ಸಿನದನ್ನು ಕೇಳುವವರಿಲ್ಲ. 2021ರ ಏಪ್ರಿಲ್ 21ರಂದು ನಾಸಿಕ್‌ನ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ, ಪೂರೈಕೆ ಕುಸಿದು, 22 ರೋಗಿಗಳು ಅಸುನೀಗಿದರು. ಅಂಥ ವಾರ್ಡಿನಲ್ಲಿ ನಿಂತು ಎಲ್ಲವನ್ನೂ ಕಂಡ ನರ್ಸ್ ಒಬ್ಬಾಕೆ ಮರುದಿನ "ನನಗೆ ಇಂದು ಆಗುವುದಿಲ್ಲ" ಎಂದರೆ ಅದನ್ನು ಯಾವ ರಜೆಯಲ್ಲಿ ಬರೆಯುತ್ತಾರೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಟ್ಟಿಗೆ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕೆನ್ನುತ್ತದೆ. ರಜೆ ಅರ್ಜಿಯಲ್ಲಿ ಹಾಗೆ ಬರೆಯುವ ಎದೆಗಾರಿಕೆ ಇರುವವರನ್ನು ನಾನಂತೂ ಕಂಡಿಲ್ಲ. ಎಲ್ಲರೂ "ಹೊಟ್ಟೆನೋವು" ಎಂದೇ ಬರೆಯುತ್ತಾರೆ.

ಸೇವೆ ಎಂದರೆ ತ್ಯಾಗ, ರಜೆ ಕೇಳುವುದು ಸ್ವಾರ್ಥ ಎಂದು ವಾದಿಸುವವರಿಗೆ ನಮ್ಮ ಜಿಲ್ಲೆಯವರದೇ ಒಂದು ಉದಾಹರಣೆ ನೆನಪಿಸಬೇಕು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲೇ ಅವರ ಮೇಲೆ ನಡೆದ ಭೀಕರ ಹಲ್ಲೆಯ ಬಳಿಕ, 2015ರ ಮೇ 18ರಂದು ಕೊನೆಯುಸಿರೆಳೆಯುವ ತನಕ, ಸುಮಾರು 42 ವರ್ಷ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಅವರ ಆರೈಕೆಯನ್ನು 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮನಸಾರೆ ಶ್ಲಾಘಿಸಿತು. ಇಷ್ಟು ದೀರ್ಘಕಾಲ ಮಲಗಿದವರ ಮೈಯಲ್ಲಿ ಹಾಸಿಗೆ ಹುಣ್ಣಿರಲಿಲ್ಲ. ಇದಕ್ಕಿಂತ ದೊಡ್ಡ ಸೇವೆಯನ್ನು ನಾನು ಕೇಳಿಲ್ಲ.

ಆದರೆ 42 ವರ್ಷ ಆ ಸೇವೆಯನ್ನು ಮಾಡಿದ್ದು ಯಾರೋ ಒಬ್ಬ ರಜೆ ಹಾಕದ ಸಿಸ್ಟರ್ ಅಲ್ಲ. ಬೆಳಗಿನವರು ಮಧ್ಯಾಹ್ನದವರಿಗೆ, ಮಧ್ಯಾಹ್ನದವರು ರಾತ್ರಿಯವರಿಗೆ "ಓವರ್" ಕೊಟ್ಟು, ಹಳಬರು ನಿವೃತ್ತರಾಗಿ ಹೊಸಬರು ಬಂದು, ತಲೆಮಾರು ದಾಟಿ ನಡೆದ ಕೆಲಸ ಅದು. ಅವರಲ್ಲಿ ಜ್ವರ ಬಂದು ಮನೆಯಲ್ಲಿ ಮಲಗಿದವರು ಇರಲಿಲ್ಲವೇ? ಇದ್ದೇ ಇರುತ್ತಾರೆ. ಒಬ್ಬಳು ಇಲ್ಲದ ದಿನ ಇನ್ನೊಬ್ಬಳು ಇದ್ದಳು. ಅಷ್ಟೇ.

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಹೇಳದೆ ನರ್ಸ್‌ಗಳ ಬಗ್ಗೆ ಭಾಷಣ ಮುಗಿಯುವುದಿಲ್ಲವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ದೀಪ ಹಿಡಿದ ಆ ಮಹಿಳೆ 1855ರಲ್ಲಿ ಕ್ರಿಮಿಯಾದಲ್ಲಿ ಜ್ವರಕ್ಕೆ ತುತ್ತಾಗಿ ಸಾವಿನಂಚಿಗೆ ಹೋಗಿ ಬಂದವರು. ಊರಿಗೆ ಮರಳಿದ ಮೇಲೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ನರ್ಸಿಂಗ್ ಬಗೆಗಿನ ಅವರ ಪ್ರಸಿದ್ಧ ಪುಸ್ತಕವೂ ಭಾರತದ ನೈರ್ಮಲ್ಯದ ಕುರಿತ ಅವರ ಕೆಲಸವೂ ಆ ಕಾಯಿಲೆಯ ವರ್ಷಗಳದ್ದು. ಪ್ರತಿ ಮೇ 12ರಂದು ನಾವು ದೀಪ ಹಚ್ಚುವುದು ದೀರ್ಘಕಾಲ ಕಾಯಿಲೆಯಲ್ಲಿದ್ದ ಒಬ್ಬ ನರ್ಸಿನ ಹುಟ್ಟುಹಬ್ಬಕ್ಕೆ.

ಈಗ ಕೆಲಸಕ್ಕೆ ಬರುವ ಮಾತು. ರಜೆಯೆಂಬುದು ಮೇಟ್ರನ್ ಮಾಡುವ ಉಪಕಾರವಲ್ಲ, ನಿಯಮದಲ್ಲಿ ಇರುವಂಥದ್ದು. ಮಹಾರಾಷ್ಟ್ರ ಸರಕಾರದ ಕಾಯಂ ನೌಕರರಾದ ನರ್ಸ್‌ಗಳಿಗೆ ವರ್ಷಕ್ಕೆ 8 ಸಾಂದರ್ಭಿಕ ರಜೆಗಳಲ್ಲದೆ, 1981ರ ರಜಾ ನಿಯಮಗಳಂತೆ ವರ್ಷಕ್ಕೆ 20 ದಿನ ಅರ್ಧ ವೇತನದ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಅದನ್ನು ಪೂರ್ಣ ವೇತನದ ರಜೆಯಾಗಿ ಪರಿವರ್ತಿಸಿಕೊಳ್ಳಬಹುದು, ಆಗ ಖಾತೆಯಿಂದ ಎರಡು ಪಟ್ಟು ಖರ್ಚು ಬೀಳುತ್ತದೆ. ಬ್ಯಾಂಕಿನಲ್ಲೂ ನಮ್ಮ ಸಿಕ್ ಲೀವಿನ ಲೆಕ್ಕ ಇದೇ ಧಾಟಿಯದು.

ಖಾಸಗಿ ಆಸ್ಪತ್ರೆಗಳಲ್ಲಿ ತಿಂಗಳಿಗೆ 21,000 ರೂಪಾಯಿ (2017ರ ಜನವರಿಯಲ್ಲಿ ನಿಗದಿಯಾದ ಮಿತಿ) ಒಳಗಿನ ವೇತನದವರು ಮೊದಲು ತಮ್ಮ ಸಂಬಳದ ಚೀಟಿ ನೋಡಬೇಕು. ಅದರಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ಇ.ಎಸ್.ಐ. ಕಡಿತವಿದ್ದರೆ, ಕನಿಷ್ಠ 78 ದಿನಗಳ ವಂತಿಗೆ ಪೂರೈಸಿದವರಿಗೆ ವರ್ಷದಲ್ಲಿ 91 ದಿನಗಳ ತನಕ ಸರಾಸರಿ ವೇತನದ ನೂರಕ್ಕೆ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣವಿಲ್ಲ, ಇ.ಎಸ್.ಐ. ವೈದ್ಯರ ಪ್ರಮಾಣಪತ್ರ ಬೇಕು. ಆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದಕ್ಕೆ ಕಾನೂನಿನ ತಡೆಯಿದೆ. 1948ರ ಹಳೆಯ ಕಾಯ್ದೆಯ ಈ ವ್ಯವಸ್ಥೆ 2025ರ ನವೆಂಬರ್‌ನಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಡಿ ಬಂದಿದೆ. ತಿಂಗಳು ತಿಂಗಳು ದುಡ್ಡು ಕಡಿತವಾಗುತ್ತಿದ್ದರೂ ಭತ್ಯೆಯ ಅರ್ಜಿ ಕಣ್ಣಿಂದ ನೋಡದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ನನ್ನ ಸೊಸೆಯೂ ಅವರಲ್ಲೊಬ್ಬಳು.

ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರಕಾರ ರಚಿಸಿದ ಸಮಿತಿ, ಖಾಸಗಿ ನರ್ಸ್‌ಗಳ ವೇತನ ಸಣ್ಣ ಆಸ್ಪತ್ರೆಯಲ್ಲೂ 20,000 ರೂಪಾಯಿಗಿಂತ ಕಡಿಮೆ ಇರಬಾರದು, ರಜೆ ಹಾಗೂ ಕೆಲಸದ ಅವಧಿ ಸರಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತ್ತು. ಶಿಫಾರಸು ರಾಜ್ಯಗಳಿಗೆ ಹೋಯಿತು. ಮುಂದೇನಾಯಿತೆಂಬುದನ್ನು ಖಾಸಗಿಯಲ್ಲಿ ದುಡಿಯುವ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ.

ಸುಳ್ಳು ಸಿಕ್ ಲೀವ್ ಹಾಕುವವರೇ ಇಲ್ಲ ಎಂದು ನಾನು ಹೇಳುವುದಿಲ್ಲ. ದೀಪಾವಳಿ, ಗಣೇಶ ಚೌತಿಯ ಹತ್ತಿರ ಬ್ಯಾಂಕಿನಲ್ಲೂ ಜ್ವರದ ಹಾವಳಿ ಜಾಸ್ತಿಯೇ! ಅಂಥವರಿಂದಾಗಿ ನಿಜವಾದ ಕಾಯಿಲೆಯವರ ಮೇಲೂ ಅನುಮಾನ ಬರುತ್ತದೆಂಬುದೂ ನಿಜ. ಆದರೆ ಗಮನಿಸಿ ನೋಡಿ, ಸುಳ್ಳು ಹೇಳಿ ರಜೆ ಹಾಕುವವರಿಗೆ ಈ ಕೊರಗು ಇರುವುದೇ ಇಲ್ಲ. ಐದು ಗಂಟೆಗೆ ಎದ್ದು ಹೋಗಲೋ ಬೇಡವೋ ಎಂದು ಅಳುವವಳು ಯಾವತ್ತೂ ಪ್ರಾಮಾಣಿಕಳೇ.

ನಮ್ಮ ಮನೆಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ರಜೆ ಹಾಕಿದ ಸಿಸ್ಟರ್ ಮನೆಯಲ್ಲಿ ಮಲಗುತ್ತಾಳೆಯೇ? "ಹೇಗೂ ಇವತ್ತು ಮನೆಯಲ್ಲಿದ್ದೀಯಲ್ಲ" ಎಂದು ಅತ್ತೆಯವರ ಬಿ.ಪಿ. ನೋಡುವುದು, ನೆರೆಮನೆಯವರ ಇಂಜೆಕ್ಷನ್, ಎರಡು ಹೊತ್ತಿನ ಅಡುಗೆ ಎಲ್ಲ ಅವಳ ತಲೆಗೇ ಬರುತ್ತದೆ. ಕೆಲವರು ನನ್ನೊಡನೆ ಹೇಳಿದ್ದಾರೆ, ಇದಕ್ಕಿಂತ ವಾರ್ಡೇ ವಾಸಿ ಎಂದು. ಗಂಡಂದಿರು ಸಿಟ್ಟಾಗಬಾರದು. ನಾನೂ ಒಬ್ಬ ಗಂಡನೇ.

ನಮ್ಮ ಸಂಘ-ಸಂಸ್ಥೆಗಳು ಉಚಿತ ವೈದ್ಯಕೀಯ ಶಿಬಿರ ನಡೆಸುತ್ತವೆ. ಭಾನುವಾರದ ಆ ಶಿಬಿರಗಳಲ್ಲಿ ಸಕ್ಕರೆ ಪರೀಕ್ಷೆ, ರಕ್ತದೊತ್ತಡ ನೋಡುವವರು ಇದೇ ನರ್ಸ್‌ಗಳು. ವಾರದ ಒಂದೇ ರಜೆಯನ್ನೂ ನಾವೇ ತೆಗೆದುಕೊಳ್ಳುತ್ತೇವೆ. ಅದರ ಬದಲು ವರ್ಷದಲ್ಲಿ ಒಂದು ಸಂಜೆ, ಬ್ಯಾಂಕಿನಲ್ಲೋ ಲೆಕ್ಕಪತ್ರ ವಿಭಾಗದಲ್ಲೋ ಇರುವ ನಾವು ನಾಲ್ಕೈದು ಮಂದಿ ಕುಳಿತು ಅವರ ಸಂಬಳದ ಚೀಟಿ, ನೇಮಕಾತಿ ಪತ್ರ, ಇ.ಎಸ್.ಐ. ಕಾಗದ ನೋಡಿಕೊಟ್ಟರೆ ಹೇಗೆ? ಖರ್ಚು ಚಾ-ಬಿಸ್ಕತ್ತಿನದ್ದು ಮಾತ್ರ. 2027ರ ಸಿಂಹಸ್ಥ ಕುಂಭಮೇಳ ನಾಸಿಕ್‌ಗೆ ಬರುವ ಮುನ್ನ ಇದು ಆದರೆ ಒಳ್ಳೆಯದು. ಅಂಥ ಸಂದರ್ಭಗಳಲ್ಲಿ ಮೊದಲು ರದ್ದಾಗುವುದು ಆಸ್ಪತ್ರೆಯವರ ರಜೆ. ಆಸ್ಪತ್ರೆ ನಡೆಸುವ, ಟ್ರಸ್ಟುಗಳಲ್ಲಿರುವ ನಮ್ಮ ಬಂಧುಗಳೂ ಈ ಪುಟ ಓದುತ್ತಾರೆ. ತಮ್ಮ ಡ್ಯೂಟಿ ಲಿಸ್ಟಿನಲ್ಲಿ ಆ ನೂರಕ್ಕೆ 30 ಎಲ್ಲಿದೆ ಎಂದು ಅವರು ಒಮ್ಮೆ ತೆರೆದು ನೋಡಲಿ. ಒಂದು ದಿನದ ಜ್ವರಕ್ಕೆ ಎರಡು ದಿನದ ಸಂಬಳ ಕಡಿಯುವ ಪದ್ಧತಿ ಇದ್ದರೆ ಅದನ್ನು ಇವತ್ತೇ ಕೈಬಿಡಲಿ.

ಈ ವರ್ಷದ ಸನ್ಮಾನ ಪತ್ರಗಳನ್ನು ಬರೆಯುವ ಕೆಲಸ ಮತ್ತೆ ನನಗೇ ಬಂದಿದೆ. ಪಟ್ಟಿಯಲ್ಲಿ ಈ ಸಲವೂ ಒಬ್ಬ ನರ್ಸ್ ಇದ್ದಾರೆ. ವಿವರ ಕೇಳಲು ಫೋನು ಮಾಡಿದಾಗ ಅವರ ಮಗ ಎತ್ತಿ, "ಅಮ್ಮನಿಗೆ ಡೆಂಗ್ಯೂ ಆಗಿ ರಜೆಯಲ್ಲಿದ್ದಾರೆ, ಮಲಗಿದ್ದಾರೆ, ಎಬ್ಬಿಸ್ಬೇಕಾ ಅಂಕಲ್?" ಎಂದ. ಎಬ್ಬಿಸಬೇಡ, ಮುಂದಿನ ವಾರ ಮಾಡುತ್ತೇನೆ ಎಂದು ಫೋನು ಇಟ್ಟೆ.